ಕುಣಿ ಮುಚ್ಚುವ ಕೈ

ಆರಿದ್ರಾ ಮಳೆ ಬರಲೋ ಬೇಡವೋ ಎನ್ನುತ್ತಿದ್ದ ದಿನ. ಮಧ್ಯಾಹ್ನ ಮೂರರ ಹೊತ್ತಿಗೆ ತಿಕೋಟಾದ ಆ ಓಣಿಯಲ್ಲಿ ಭಾಗಪ್ಪನ ಹೆಣವನ್ನು ಕುರ್ಚಿಯಲ್ಲಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಇನ್ನೇನು ಎತ್ತಬೇಕು ಎನ್ನುವಾಗ ಹೆಂಡತಿ ಗೌರಾಬಾಯಿ ಕುರ್ಚಿಯ ಕಾಲು ಹಿಡಿದಳು.

"ಮೊದಲ ಮಸೂತಿ ಮುಂದ ಒಯ್ರಿ. ಕುಣಿ ಮುಚ್ಚೂದೈತಿ."

ಮೊಹರಮ್ಮಿನ ಹತ್ತನೆಯ ದಿನ ಅದು. ಚಂದ್ರ ಕಂಡ ಮರುದಿನ ಅಲಾಯಿ ದೇವರ ಮುಂದಿನ ಬೆಂಕಿಯ ಕುಣಿಗೆ ಗುದ್ದಲಿ ಹಾಕಿದವನು ಭಾಗಪ್ಪ. ತೆಗೆದವನೇ ಹೊತ್ತು ಮುಳುಗುವುದರೊಳಗೆ ಮುಚ್ಚಬೇಕು. ಆಮೇಲೆಯೇ ದೇವರು, ಅಂದರೆ ಪಂಜಾಗಳು, ಮುಳುಗಲು ಬಾವಿಗೆ ಹೋಗುವುದು. ನಲವತ್ತು ವರ್ಷ ಹಾಗೇ ನಡೆದಿತ್ತು. ಇವತ್ತು ನಸುಕಿನಲ್ಲಿ ಅವನು ಹಾಸಿಗೆಯಿಂದ ಏಳಲಿಲ್ಲ.

"ಯವ್ವಾ, ಹೆಣಾ ತಗೊಂಡ ಮಸೂತಿಗಿ ಹೋದ್ರ ಮಂದಿ ನಗ್ತಾರ," ಎಂದ ಮಗ ಸಂಗು. "ಬಬಲೇಶ್ವರದಿಂದ ಬೀಗರು ಬಂದಾರ. ಕುಣಿ ಯಾರರ ಮುಚ್ಚಲಿ."

"ಯಾರರ ಮುಚ್ಚಾಕ ಬರೂದಿದ್ರ, ನಿಮ್ಮಪ್ಪ ಆಗ ದವಾಖಾನಿ ಬಿಟ್ಟ ಯಾಕ ಓಡಿ ಬಂದಾ?"

* * *

ಮೂರು ವರ್ಷದ ಹಿಂದಿನ ಮಾತು. ವಿಜಯಪುರದ ದವಾಖಾನೆಯಲ್ಲಿ ಸಲೈನ್ ಹಚ್ಚಿದ್ದರು. ಇದೇ ಹತ್ತನೆಯ ದಿನ ಭಾಗಪ್ಪ, ಚಹಾ ಕುಡಿದು ಬರುತ್ತೇನೆಂದು ಹೇಳಿ ತಿಕೋಟಾದ ಬಸ್ ಹತ್ತಿದ್ದ. ಮಸೂತಿಯ ಮುಜಾವರ ಚಮನಸಾಬ ಸಲಿಕೆ ಹಿಡಿದು ಕುಣಿಯ ದಂಡೆಗೆ ಕಾಯುತ್ತ ಕುಂತಿದ್ದ.

"ಕೈಯಾಗ ಸೂಜಿ ಹಂಗ ಐತಲ್ಲೋ ಲೇ!"

"ಇರಲಿ ಬಿಡೋ. ಹೋಗಿ ಮತ್ತ ಅದಕ್ಕ ನಳಿಗಿ ಹಚ್ಚಿಸ್ಕೊಂಡ್ರಾತು."

* * *

ಗೌರಾಬಾಯಿ ಕುರ್ಚಿಯ ಕಾಲು ಬಿಡಲಿಲ್ಲ. ಕೊನೆಗೆ ಎತ್ತಿದವರು ಮಸೂತಿಯ ಕಡೆ ತಿರುಗಿದರು. ಬೀಗರಲ್ಲಿ ಇಬ್ಬರು ಹಿಂದೆ ಸರಿದರು. ಮಸೂತಿಯ ಮುಂದೆ ಹಲಗೆಯ ಬಡಿತ ನಿಂತಿತು. ಚಮನಸಾಬ ಎದುರು ಬಂದ.

"ಚಮನಕಾಕಾ, ದೇವರಿಗಿ ಮೈಲಿಗಿ ಆಗೂದಿಲ್ಲೇನ್ರಿ?" ಹೌದೆಂದರೆ ಸಾಕು ಎಂಬಂತೆ ಸಂಗು ಕೇಳಿದ.

"ಹುಸೇನರಿಗಿ ಅಳೂ ದಿನಾ ಇದು, ಸಂಗು. ಹೆಣಾ ಕಂಡ್ರ ಅವರು ಸಿಟ್ಟಾಗ್ತಾರೇನ? ಇಳಸ್ರಿ."

ಕುರ್ಚಿಯನ್ನು ಕುಣಿಯ ದಂಡೆಗೆ ಇಳಿಸಿದರು. ಚಮನಸಾಬ ಒಂದು ಹಿಡಿ ಮಣ್ಣನ್ನು ಗೆಳೆಯನ ಅಂಗೈಯಲ್ಲಿ ಇಡಲು ನೋಡಿದ. ಮುಷ್ಟಿ ಸೆಟೆದಿತ್ತು, ಒಂದು ಬೆರಳೂ ಬಿಡಲಿಲ್ಲ.

"ನನ್ನ ಕೈಲೆ ಆಗವಲ್ದು," ಎಂದು ಬದಿಗೆ ಸರಿದ.

ಯಾರೂ ಮುಂದೆ ಬರಲಿಲ್ಲ. ಹೊತ್ತು ಇಳಿಯುತ್ತಿತ್ತು.

ಸಂಗು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮಗ್ಗುಲಿಗೆ ಇಟ್ಟ. ಅಪ್ಪನ ಮುಂದೆ ಮೊಣಕಾಲೂರಿ, ಕಿರುಬೆರಳಿನಿಂದ ಶುರುಮಾಡಿ ಅವನ ಬೆರಳನ್ನು ಒಂದೊಂದಾಗಿ ಬಿಡಿಸಿದ. ಮಣ್ಣಿಟ್ಟು, ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಕುಣಿಯ ಮೇಲೆ ಬೋರಲು ಮಾಡಿದ. ಬೂದಿ ಎದ್ದು ಇಬ್ಬರ ಮುಂಗೈಗೂ ಹತ್ತಿತು. ಉಳಿದ ಮಣ್ಣನ್ನು ಮಂದಿ ಎಳೆದರು.

ಆ ಹತ್ತನೆಯ ದಿನ, ರವಿವಾರ, ಮೊದಲು ಭಾಗಪ್ಪ ಹೋದ, ಹೊಲದ ಮಣ್ಣಿಗೆ. ಕೈಯ ಬೂದಿಯನ್ನು ಯಾರೂ ಒರೆಸಲಿಲ್ಲ. ಅವನ ಹಿಂದೆ ದೇವರು ಹೋದವು, ಬಾವಿಗೆ.