ಉಂಡರೂ ಹಸಿವು
ಹೆಂಡತಿ ತೀರಿಕೊಂಡ ಮೇಲೆ ಗಡಿಯಾರ ರಿಪೇರಿಯವನು ಒಬ್ಬನೇ ಇದ್ದ. ಇತ್ತೀಚೆಗೆ ಎರಡಾಳಿನ ಊಟ ಮಾಡುತ್ತಿದ್ದ, ಕೊಡಗಟ್ಟಲೆ ನೀರು ಕುಡಿಯುತ್ತಿದ್ದ. ಆದರೂ ದಿನೇ ದಿನೇ ಕಡ್ಡಿಯಾಗುತ್ತಿದ್ದ. ಅದನ್ನು ಗಮನಿಸಿದವಳು ಪಕ್ಕದ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಅಕ್ಕ.

"ಮತ್ತೆ ಪ್ಯಾಂಟಿನ ಸೊಂಟ ಹಿಡೀಬೇಕಾ? ಇನ್ನೂ ಹಿಡಿದ್ರೆ ಹಿಂದಿನ ಎರಡು ಜೇಬು ಒಂದೇ ಆಗುತ್ತೆ. ಮೊದಲು ಡಾಕ್ಟರಿಗೆ ತೋರಿಸಣ್ಣ," ಎಂದು ಅವನು ತಂದಿದ್ದ ಪ್ಯಾಂಟನ್ನು ವಾಪಸು ಕೊಟ್ಟಳು.

ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಹೇಳಿದರು: "ಉಂಡಿದ್ದು ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತೆ. ಅಲ್ಲಿಂದ ಮೈಯ ಕಣಕಣಕ್ಕೂ ಹೋಗೋಕೆ ಇನ್ಸುಲಿನ್ ಬೇಕು. ನಿಮ್ಮ ಮೈಯಲ್ಲಿ ಅದು ತಯಾರಾಗ್ತಾನೇ ಇಲ್ಲ. ಹಾಗಾಗಿ ಸಕ್ಕರೆ ರಕ್ತದಲ್ಲೇ ಉಳಿದು, ಮೈ ಉಪವಾಸ ಬಿದ್ದಿದೆ. ಇಷ್ಟು ಸೊರಗಿದ್ದೀರಲ್ಲ, ಮನೇಲಿ ಯಾರೂ ಕೇಳ್ಲಿಲ್ವಾ?"

"ಕೇಳೋರು ಯಾರೂ ಇಲ್ಲ ಸಾರ್."

ಮರುದಿನ ಬೆಳಿಗ್ಗೆ ನರ್ಸ್ ಕಲಿಸಿದಂತೆ ಹೊಟ್ಟೆಯ ಚರ್ಮ ಹಿಡಿದು ತಾನೇ ಇನ್ಸುಲಿನ್ ಚುಚ್ಚಿಕೊಂಡ. ಹೆದರಿದಷ್ಟು ನೋವೇನೂ ಆಗಲಿಲ್ಲ. ಅದನ್ನು ಯಾರಿಗಾದರೂ ಹೇಳಬೇಕೆನಿಸಿತು. ತಿಂಡಿ ತಿಂದು, ತನ್ನ ಅಂಗಡಿ ತೆರೆಯುವ ಮೊದಲೇ ಪಕ್ಕದ ಅಂಗಡಿಗೆ ಹೋದ.

"ಚುಚ್ಚಿಕೊಂಡೆ ಅಕ್ಕಾ."

ಅವಳು ಮಷಿನ್ ನಿಲ್ಲಿಸಿ ತಲೆಯೆತ್ತಿದಳು. "ಅಯ್ಯೋ, ನೋವಾಯ್ತಾ ಅಣ್ಣ?"

ಹಾಗೆ ಕೇಳುವವರಿಲ್ಲದೆ ಎಷ್ಟೋ ಕಾಲವಾಗಿತ್ತು.

"ಸ್ವಲ್ಪ ಆಯ್ತು," ಎಂದು ಸುಳ್ಳು ಹೇಳಿ, ಅಲ್ಲೇ ಸ್ಟೂಲಿನ ಮೇಲೆ ಕುಳಿತ.