ಅತ್ತೆ ಕೊಟ್ಟ ಚಿನ್ನದ ಹಲ್ಲು

ಲೊಸಲೀನ ಒಳಗೆ ಕಾಲಿಟ್ಟರೆ ಸಾಕು, ವಾರ್ಡಿನಲ್ಲಿದ್ದ ಒಂದೇ ಕುರ್ಚಿ ತಾನಾಗಿ ಖಾಲಿಯಾಗುತ್ತಿತ್ತು. ತಮ್ಮನ ಹೆಂಡತಿ ಸಿಯಾಲೆ ಎದ್ದು ಚಾಪೆಗೆ ಇಳಿಯುತ್ತಿದ್ದಳು. ತಮ್ಮ ಕೆಪು ಹೊರಗಿನ ಜಗಲಿಗೆ ಹೋಗಿ ಕಿಟಕಿಯ ಹತ್ತಿರ ನಿಲ್ಲುತ್ತಿದ್ದ. ಅಕ್ಕ ಇದ್ದ ಕೋಣೆಯಲ್ಲಿ ತಮ್ಮ ಕೂರುವುದುಂಟೇ? ಟೊಂಗಾದಲ್ಲಿ ತಂದೆಯ ಅಕ್ಕ ಎಂದರೆ ಮನೆಗೆಲ್ಲ ದೊಡ್ಡವಳು. ಮದುವೆಯಲ್ಲಿ ಒಳ್ಳೆಯ ಚಾಪೆ ಅವಳಿಗೆ, ಸಾವಿನ ಮನೆಯಲ್ಲಿ ಕೊನೆಯ ಮಾತು ಅವಳದು.

"ಏನೇ ಫಿಫಿತಾ, ಇನ್ನೂ ಮಲಗೇ ಇದೀಯ? ನಮ್ಮನೆ ಮುದಿ ಹಂದೀನೂ ಇಷ್ಟು ಮಲಗಲ್ಲ ಕಣೇ!"

ಮಂಚದ ಮೇಲಿದ್ದ ತಮ್ಮನ ಮಗಳು ತುಟಿ ಬಿಚ್ಚದೆ ನಕ್ಕಳು. ಲೊಸಲೀನಳಿಗೆ ಚುಚ್ಚಿದ್ದು ಅದೇ. ಈ ಹುಡುಗಿ ಬಾಯಿ ತುಂಬ ನಗಲಿ ಎಂದಲ್ಲವೇ ಅವಳು ತನ್ನ ತಾಯಿಯ ಉಂಗುರವನ್ನು ಕರಗಿಸಲು ಕೊಟ್ಟದ್ದು? ಇಪ್ಪತ್ತೊಂದನೇ ಹುಟ್ಟುಹಬ್ಬಕ್ಕೆ ಅತ್ತೆಯ ಉಡುಗೊರೆ. ಪಕ್ಕದೂರಿನ ಮಾಕಾ ತನ್ನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹಲ್ಲು ಅರೆದು ಚಿನ್ನದ ಟೊಪ್ಪಿ ಕೂರಿಸಿದ್ದ. ಒಂದಿಷ್ಟು ರಕ್ತ ಬಂದಿತ್ತು, ಅಷ್ಟೆ. ಹಬ್ಬದ ದಿನ ಫಿಫಿತಾ ನಕ್ಕಾಗಲೆಲ್ಲ ಬಾಯಲ್ಲಿ ಮಿಂಚು ಹೊಡೆದಂತಿತ್ತು.

ಹಬ್ಬಕ್ಕೆ ಮುಂಚೆ ಅಡುಗೆಮನೆಯಲ್ಲಿ ಸಿಯಾಲೆ ಏನೋ ಗೊಣಗಿದ್ದುಂಟು. "ಅತ್ತಿಗೆ, ಅವಳ ಹಾರ್ಟು... ಹಲ್ಲು ಮುಟ್ಟಿಸೋಕೆ ಮುಂಚೆ ಮಾತ್ರೆ ತಗೋಬೇಕು ಅಂತ ನರ್ಸಮ್ಮ..."

ಕೆಸುವಿನೆಲೆಗೆ ತೆಂಗಿನ ಹಾಲು ಸುರಿಯುತ್ತಿದ್ದ ಲೊಸಲೀನ ಕೈ ಎತ್ತಿ ತೋರಿಸಿದ್ದಳು. "ಹಾರ್ಟಿಗೂ ಹಲ್ಲಿಗೂ ಏನೇ ಸಂಬಂಧ? ಎದೆ ಇಲ್ಲಿ, ಬಾಯಿ ಇಲ್ಲಿ. ಮಧ್ಯೆ ಇಷ್ಟುದ್ದ ಕತ್ತು ಇಟ್ಟಿದಾನಲ್ಲ ದೇವರು!"

ಅಡುಗೆಮನೆಯೆಲ್ಲ ನಕ್ಕಿತ್ತು. ಸಿಯಾಲೆಯೂ ನಕ್ಕಿದ್ದಳು.

ಆಮೇಲೆ ಈ ಜ್ವರ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಹುಡುಗಿ ಊಟ ಬಿಟ್ಟು, ಒಣಗಿದ ಬಾಳೆಲೆಯಂತಾಗಿದ್ದಳು.

ಡಾಕ್ಟರ್ ತಾಲಿತಾ ಬಂದಳು. ಚಿಕ್ಕ ವಯಸ್ಸಿನವಳು, ನಡಿಗೆ ಮಾತ್ರ ಬಿರುಸು. "ಡೆಂಗಿ ಅಲ್ಲ, ಟೈಫಾಯ್ಡೂ ಅಲ್ಲ," ಎನ್ನುತ್ತ ಫಿಫಿತಾಳ ಬೆರಳು ಹಿಡಿದು ಉಗುರಿನಡಿ ನೋಡಿದಳು. ಸಿಬಿರು ಚುಚ್ಚಿದಂತೆ ಸಣ್ಣ ಕೆಂಪು ಗೀರುಗಳು. ಅವಳ ಹುಬ್ಬು ಗಂಟಿಕ್ಕಿತು.

"ನಿಂಗೆ ಚಿಕ್ಕವಳಿದ್ದಾಗ ವಾಲ್ವ್ ಆಪರೇಷನ್ ಆಗಿದೆ ಅಲ್ವಾ? ಈಚೆಗೆ ಹಲ್ಲಿಗೇನಾದ್ರೂ ಮಾಡಿಸಿದ್ಯಾ?"

"ಇಲ್ಲ ಡಾಕ್ಟ್ರೇ." ಫಿಫಿತಾ ಬಾಯಿಗೆ ಕೈ ಅಡ್ಡ ಹಿಡಿದೇ ಹೇಳಿದಳು. ಬೆರಳ ಸಂದಿಯಲ್ಲಿ ಚಿನ್ನ ಮಿಂಚಿತು.

"ಆ ಚಿನ್ನದ್ದು?"

"ಅದು ಹಳೇದು. ಯಾವಾಗ್ಲೋ ಹಾಕ್ಸಿದ್ದು."

ವಾರ್ಡಿನ ಅರ್ಧ ಜನರ ಬಾಯಲ್ಲಿ ಚಿನ್ನವಿತ್ತು, ಡಾಕ್ಟರಮ್ಮನ ಬಾಯಲ್ಲೂ ಒಂದಿತ್ತು. ಅವಳು ನಂಬಿದಳು.

"ಅಯ್ಯೋ ಸುಳ್ಳಿ!" ಎನ್ನಲು ಹೊರಟ ಲೊಸಲೀನ ತಡೆದುಕೊಂಡಳು. ಸಿಯಾಲೆ ತಲೆ ತಗ್ಗಿಸಿ ಚಾಪೆಯ ಹೆಣಿಗೆಯನ್ನೇ ನೋಡುತ್ತಿದ್ದಳು. ಕಿಟಕಿಯಾಚೆ ಕೆಪು ಮುಷ್ಟಿಯನ್ನು ಬಾಯಿಗೆ ಒತ್ತಿಕೊಂಡಿದ್ದ. ಸುಳ್ಳೆಂದು ಇಬ್ಬರಿಗೂ ಗೊತ್ತು.

"ಡಾಕ್ಟ್ರೇ, ಜ್ವರಕ್ಕೆ ಹಲ್ಲಿನ ಮಾತು ಯಾಕೆ?" ಎಂದಳು ಲೊಸಲೀನ.

"ವಸಡಿಗೆ ಗಾಯ ಆದ್ರೆ ಬಾಯೊಳಗಿನ ಕ್ರಿಮಿ ರಕ್ತಕ್ಕೆ ಇಳಿಯುತ್ತಮ್ಮ. ನಿಮಗೆ ನಮಗೆ ಸಾಮಾನ್ಯವಾಗಿ ಏನೂ ಆಗಲ್ಲ. ಇವಳ ಥರ ವಾಲ್ವ್ ಕೆಟ್ಟು ರಿಪೇರಿ ಆಗಿರೋರಿಗೆ ಅಲ್ಲಿ ಹೋಗಿ ಗೂಡು ಕಟ್ಟಿಬಿಡುತ್ತೆ. ಸುಮ್ನೆ ಬಿಟ್ರೆ ವಾಲ್ವನ್ನೇ ತಿಂದುಹಾಕುತ್ತೆ."

"ತಿಂಗಳು ತಿಂಗಳು ಸೂಜಿ ಚುಚ್ಚಿಸ್ಕೊಳ್ತಾಳಲ್ಲ?"

"ಅದು ಚಿಕ್ಕಂದಿನಲ್ಲಿ ವಾಲ್ವ್ ಕೆಡಿಸಿದ ಹಳೇ ಜ್ವರ ಮತ್ತೆ ಬರದೇ ಇರಲಿ ಅಂತ. ಇದಕ್ಕೆ ಅದು ಸಾಲದು."

ಡಾಕ್ಟರ್ ಮುಂದಿನ ಮಂಚದ ಕಡೆ ತಿರುಗಿದಳು. ಲೊಸಲೀನ ಫಿಫಿತಾಳನ್ನು ನೋಡಿದಳು. ಬೇಡ ಅತ್ತೆ, ಎನ್ನುತ್ತಿತ್ತು ಆ ಕಣ್ಣು. ಅತ್ತೆಯ ಉಡುಗೊರೆಗೆ ಕೆಟ್ಟ ಹೆಸರು ಬರಬಾರದೆಂದು ಹುಡುಗಿ ತನ್ನ ಎದೆಯನ್ನೇ ಒತ್ತೆಯಿಟ್ಟಿದ್ದಳು. ಮೂವರೂ ಸೇರಿ ಮೌನವನ್ನು ಚಾಪೆಯಂತೆ ಹಾಸಿಟ್ಟಿದ್ದರು. ಲೊಸಲೀನ ಅದರ ಮೇಲೆ ಕೂತುಬಿಟ್ಟರೆ ಆಯಿತು.

ಅವಳು ಕುರ್ಚಿಯಿಂದ ಎದ್ದಳು.

"ಫಿಫಿತಾ, ಬಾಯಿ ತೆಗಿ."

"ಅತ್ತೇ..."

"ನಾನು ಹೇಳ್ತಿದೀನಿ. ತೆಗಿ."

ಆ ಮಾತಿಗೆ ಇಲ್ಲವೆಂದವರು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಹುಡುಗಿ ಬಾಯಿ ತೆರೆದಳು. ಚಿನ್ನದ ಸುತ್ತ ವಸಡು ನೇರಳೆಯಾಗಿ ಊದಿಕೊಂಡಿತ್ತು. ಕೆಟ್ಟ ವಾಸನೆ ಬಂತು.

"ಡಾಕ್ಟ್ರೇ, ಇಲ್ಲಿ ನೋಡಿ. ಇದು ಹಳೇದಲ್ಲ. ಹೋದ ಹುಟ್ಟುಹಬ್ಬಕ್ಕೆ ನಾನು ಹಾಕಿಸಿದ್ದು. ಮಾತ್ರೆ ಕೊಡಿಸ್ಲಿಲ್ಲ. ಇವರಮ್ಮ ಹೇಳೋಕೆ ಬಂದ್ಲು, ನಾನು ನಗಾಡಿಬಿಟ್ಟೆ."

ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ರಕ್ತ ತೆಗೆಯುವ ಬಾಟಲಿ ತರಲು ನರ್ಸಿಗೆ ಕೂಗಿ ಹೇಳಿ, "ಇವತ್ತೇ ಔಷಧಿ ಶುರು ಮಾಡೋಣ," ಎಂದಳು. "ವಾರಗಟ್ಟಲೆ ಇಲ್ಲೇ ಇರ್ಬೇಕು. ಆ ಹಲ್ಲು ತೆಗೀಬೇಕಾಗುತ್ತೆ. ವಾಲ್ವ್ ಉಳಿಯುತ್ತೋ ಇಲ್ವೋ, ಈಗ ಹೇಳಕ್ಕಾಗಲ್ಲ."

ಲೊಸಲೀನ ಕಿಟಕಿಯ ಕಡೆ ತಿರುಗಿದಳು. "ಕೆಪು, ಒಳಗೆ ಬಾ."

"ಅಕ್ಕ, ನೀನು ಒಳಗಿದೀಯಲ್ಲ..."

"ಇದ್ರೇನೀಗ? ಬಂದು ಮಗಳ ಕೈ ಹಿಡ್ಕೋ."

ಅವನು ತಲೆ ಬಗ್ಗಿಸಿ ಒಳಗೆ ಬಂದ. ಫಿಫಿತಾ ಅಳುತ್ತಿದ್ದಳು. "ಅಜ್ಜಿ ಉಂಗುರ, ಅತ್ತೆ..."

"ಉಂಗುರ ಹಾಳಾಗ್ಲಿ! ನನ್ನ ಬಾಯಲ್ಲಿ ಇನ್ನೂ ಎರಡಿದೆ. ಬೇಕಿದ್ರೆ ಕಿತ್ತು ಕಿವಿಗೆ ಓಲೆ ಮಾಡಿಸಿಕೊಡ್ತೀನಿ."

ಯಾರೂ ನಗಲಿಲ್ಲ. ಲೊಸಲೀನ ಮಂಡಿ ಹಿಡಿದುಕೊಂಡು ಮೆಲ್ಲಗೆ ಚಾಪೆಯ ಮೇಲೆ, ಸಿಯಾಲೆಯ ಪಕ್ಕ ಕುಳಿತಳು.

"ಅವತ್ತು ಇನ್ನೊಂದು ಸಲ ಹೇಳ್ಬಾರ್ದಿತ್ತೇನೇ?"

ಸಿಯಾಲೆ ಮೊದಲ ಬಾರಿಗೆ ಅವಳ ಮುಖ ನೋಡಿದಳು. "ಹೇಳಿದ್ರೆ ಕೇಳ್ತಿದ್ರಾ ಅತ್ತಿಗೆ?"

ಮಂಚದ ಆಚೆ ನರ್ಸು ಫಿಫಿತಾಳ ಸೊರಗಿದ ತೋಳನ್ನು ತಟ್ಟಿ ತಟ್ಟಿ ನರ ಹುಡುಕುತ್ತಿದ್ದಳು. ಸಿಗುತ್ತಿರಲಿಲ್ಲ.