ಊಟದ ಮೇಜಿನ ಮೇಲೊಂದು ಪಂದ್ಯ

ನನ್ನ ಗಂಡ ವೆಂಡೆಲ್ ಇಪ್ಪತ್ತು ವರ್ಷ ಫುಟ್ಬಾಲ್ ಆಡಿ ನಾನೂರು ಗೋಲು ಹೊಡೆದವನು. ಬುಡಾಪೆಸ್ಟಿನ ಟ್ರಾಮಿಗೆ ಅವನು ಹತ್ತಿದರೆ ಮುದುಕಿಯರೂ ಎದ್ದು ಜಾಗ ಬಿಡುತ್ತಿದ್ದರು. ಮೂವತ್ತೊಂಬತ್ತಕ್ಕೆ ಅವನ ಬಲಮಂಡಿ ಕೈಕೊಟ್ಟಿತು. ಇನ್ನೊಂದು ವರ್ಷ ಆಡಿದರೆ ಊರುಗೋಲೇ ಗತಿ ಎಂದರು ವೈದ್ಯರು. ಕ್ಲಬ್ಬಿನ ಕಾರ್ಯದರ್ಶಿ ಗೆಡೆಯೊನ್ ಮಾತ್ರ ಹೊಸ ಕರಾರುಪತ್ರ ತಂದು ನಮ್ಮ ಮೇಜಿನ ಮೇಲಿಟ್ಟು ಹೋಗಿದ್ದ. ವೆಂಡೆಲನಿಗೆ ಸಹಿ ಹಾಕುವ ತವಕ.

ಜಗಳವಾಡಿ ಗೆಲ್ಲುವುದು ನನಗೆ ಬಾರದು.

"ಗುಂಡಿ ಫುಟ್ಬಾಲ್ ಆಡೋಣ," ಎಂದೆ. "ಮೊದ್ಲು ಮೂರು ಗೋಲು ಹೊಡೆದವ್ರು ಗೆದ್ದ ಹಾಗೆ. ನೀನು ಗೆದ್ರೆ ಸಹಿ ಹಾಕು. ಸೋತ್ರೆ ಮನೇಲಿರು."

"ನನ್ನ ಜೊತೆ ಫುಟ್ಬಾಲಾ? ಎತೆಲ್, ತಲೆ ನೆಟ್ಟಗಿದೆಯೇನೆ?"

ಕೋಟಿನ ಗುಂಡಿಗಳೇ ಆಟಗಾರರು, ಅಂಗಿಯ ಪುಟ್ಟ ಗುಂಡಿಯೇ ಚೆಂಡು, ಗೋಲು ಕಾಯಲು ಬೆಂಕಿಪೊಟ್ಟಣ; ಗುಂಡಿಯ ಅಂಚನ್ನು ಒತ್ತಿ ಜಾರಿಸಿ ಚೆಂಡಿಗೆ ಹೊಡೆಯಬೇಕು. ನಾನು ಹದಿನೆಂಟು ವರ್ಷ ಕೋಟು ಹೊಲಿದವಳು ಎಂಬುದನ್ನು ಅವನು ಮರೆತಿದ್ದ. ತನ್ನ ಮದುವೆಯ ಕೋಟಿನಿಂದ ಹೊಳೆಯುವ ಗುಂಡಿಗಳನ್ನು ಕಿತ್ತು ತಂದ. ನೋಡಲು ಚೆಂದ, ಓಡಲು ಸೋಮಾರಿ.

ಅರ್ಧ ಗಂಟೆಯಲ್ಲಿ ನನ್ನದು ಎರಡು, ಅವನದು ಸೊನ್ನೆ.

"ಮೇಜೇ ಡೊಂಕು," ಎಂದ.

"ಹುಲ್ಲು ಒದ್ದೆ ಅಂತ ಇನ್ನೂ ಅಂದಿಲ್ವಲ್ಲ, ಪುಣ್ಯ."

ಅವನಿಗೆ ಹಠ ಬಂತು. ಒಂದು ಹೊಡೆದ, ಇನ್ನೊಂದು ಹೊಡೆದ. ಕೊನೆಯದಕ್ಕೆ ಗುರಿ ಸಿಗಲಿಲ್ಲವೆಂದು ಕುರ್ಚಿ ತಳ್ಳಿ ನೆಲಕ್ಕೆ ಮಂಡಿಯೂರಿದ. ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು, ಉಸಿರು ಹಿಡಿದು, ಗುಂಡಿಯನ್ನು ಒತ್ತಿದ. ಚೆಂಡು ಬೆಂಕಿಪೊಟ್ಟಣದ ಮೇಲಿಂದ ಹಾರಿ ಒಳಗೆ ಬಿತ್ತು. ಅಂಥ ಗೋಲನ್ನು ನಾನು ಮೈದಾನದಲ್ಲೂ ಕಂಡಿರಲಿಲ್ಲ.

"ಹೇಗಿತ್ತು?"

"ಚೆನ್ನಾಗಿತ್ತು. ಏಳು, ಆಲೂಗಡ್ಡೆ ಪಲ್ಯ ಆರ್ತಿದೆ."

ಅವನು ಏಳಲಿಲ್ಲ. ಮೇಜಿನ ಅಂಚು ಹಿಡಿದ, ಬಿಟ್ಟ, ಮತ್ತೆ ಹಿಡಿದ. ಕೊನೆಗೆ ನಾನೇ ಕಂಕುಳಿಗೆ ಕೈಕೊಟ್ಟು ಎತ್ತಿದೆ. ಗೆದ್ದವನು ಅವನೇ; ಕೊಟ್ಟ ಮಾತು ಕೊಟ್ಟದ್ದೇ ಎಂದು ಪೆನ್ನನ್ನು ಅವನ ಮುಂದಿಟ್ಟೆ. ಅವನು ಅದನ್ನು ಮುಟ್ಟದೆ ತಟ್ಟೆ ಎಳೆದುಕೊಂಡ.

ಮರುದಿನ ಬಂದ ಗೆಡೆಯೊನ್ ರೂಢಿಯಂತೆ ನನ್ನ ಕೈಗೆ ಮುತ್ತಿಟ್ಟು ಸಹಿ ಕೇಳಿದ.

"ಇಲ್ಲಪ್ಪ," ಎಂದ ವೆಂಡೆಲ್. "ಇವಳ ಹತ್ರ ಮೂರು ಎರಡರಲ್ಲಿ ಸೋತೆ. ಇನ್ನು ಮನೇಲೇ."

ನಾನು ಮೇಜಿನ ಮೇಲಿನ ಗುಂಡಿಗಳನ್ನು ಬಾಚಿಕೊಂಡೆ. ಗೆಡೆಯೊನ್ ಸಹಿಯಿಲ್ಲದ ಪತ್ರವನ್ನು ನೋಡಿದ, ನನ್ನನ್ನು ನೋಡಿದ.

"ಹಾಗಾದ್ರೆ ಅಮ್ಮಾವ್ರೇ, ಭಾನುವಾರದ ಪಂದ್ಯಕ್ಕೆ ನಿಮಗೆ ಬಿಡುವಿದೆಯಾ?"

"ಕೂತ್ಕೊಂಡು ಆಡೋಕೆ ಬಿಟ್ರೆ ಬರ್ತೀನಿ," ಎಂದೆ.

ವೆಂಡೆಲ್ ನಗುತ್ತಾ ಆ ಪತ್ರವನ್ನು ನನ್ನ ಕಡೆಗೆ ತಳ್ಳಿದ.